ಭಾವಂದಿರ ಪರೀಕ್ಷೆ

ಬೆಂಕಿ ನಂದಿಸುವ ತರಬೇತಿಗೆ ಹಡಗಿನವರೆಲ್ಲ ಪೂರ್ತಿ ಅಂಕ ಕೊಟ್ಟಿದ್ದರು. ಕಲಿಸಿದವರು ಬೇರೆ ದ್ವೀಪದ ಹಿರಿಯ ಕ್ಯಾಪ್ಟನ್. ಪಾಠ ಮುಗಿದ ಮೇಲೆ ಎಲ್ಲರೂ ಅವರ ಜೊತೆ ಚಾಪೆಯ ಮೇಲೆ ಕೂತು ಯಂಗೋನಾ ಬೇರಿನ ಪಾನೀಯ ಕುಡಿದಿದ್ದರು. ಒಂದೇ ಬಟ್ಟಲಲ್ಲಿ ಕುಡಿದ ಅತಿಥಿಗೆ ಅಂಕ ಕಡಿಮೆ ಕೊಡುವ ಗಂಡಸು ಫಿಜಿಯ ಸುವಾದಲ್ಲಿ ಇನ್ನೂ ಹುಟ್ಟಿಲ್ಲ. ತರಬೇತಿ ನೋಡಿಕೊಳ್ಳುವ ವಾಸಿತಿಗೆ ಅದು ಗೊತ್ತಿತ್ತು.

ಮ್ಯಾನೇಜರ್ ಸೆಮಿಸಿಗೆ ಆ ಅಂಕಗಳೇ ಸಾಕಾಗಿದ್ದವು. ಸಂಜೆ ಹಡಗು ಕಂಡಾವು ದ್ವೀಪಕ್ಕೆ ಹೊರಡಬೇಕು, ಜನ ಆಗಲೇ ಗಂಟುಮೂಟೆ ಸಮೇತ ಬಂದಿದ್ದಾರೆ, ಸಹಿ ಹಾಕಿಬಿಡು ಎಂದ. ಇವರಿಗೆ ಕೆಲಸ ಬರುತ್ತದೆ ಎಂದು ಸಹಿ ಹಾಕಬೇಕಾದವಳು ವಾಸಿತಿ. ಬರುತ್ತದೋ ಇಲ್ಲವೋ ಅವಳಿಗೆ ತಿಳಿಯದು. ಕೇಳಿದರೆ ಎಲ್ಲರೂ ನಗುತ್ತಿದ್ದರು. ಮೇಸ್ತ್ರಿ ಅಪೆನಿಸಾ ಪೈಪು ಹಿಡಿದರೆ ಕಿರಿಯರು ಗೌರವದಿಂದ ತಲೆ ತಗ್ಗಿಸುತ್ತಿದ್ದರು, ತಪ್ಪು ತೋರಿಸುತ್ತಿರಲಿಲ್ಲ.

ಅವಳು ಎಂಜಿನ್ ಕೋಣೆಯಿಂದ ರುಸಿಯಾತೆಯನ್ನು ಕರೆಸಿದಳು. ಅವನು ಅಪೆನಿಸಾನ ಸೋದರಮಾವನ ಮಗ, ಅಂದರೆ ಭಾವ. ಅವರಲ್ಲಿ ಭಾವ ಏನಂದರೂ ಸಿಟ್ಟಾಗುವಂತಿಲ್ಲ. ಏನೂ ಅನ್ನದಿದ್ದರೇ ಅವಮಾನ.

ಹಡಗಿನ ಅಡುಗೆಮನೆಗೆ ಬೆಂಕಿ ಬಿದ್ದಿದೆ ಅಂದುಕೊಳ್ಳಿ, ಶುರುಮಾಡಿ ಎಂದಳು. ಅಪೆನಿಸಾ ಪೈಪು ಎತ್ತಿಕೊಂಡ, ರುಸಿಯಾತೆ ಎದುರಿಗೆ ನಿಂತು ಆಡಿಕೊಳ್ಳತೊಡಗಿದ.

"ಭಾವ, ಪೈಪನ್ನ ಹಾವು ಹಿಡ್ದಂಗೆ ಹಿಡ್ದಿದ್ದೀಯಲ್ಲ, ಕಚ್ಚತ್ತಾ?"

"ಬಾಯ್ಮುಚ್ಕೊಂಡು ನೋಡೋ, ಮಸಿಮೂತಿ."

"ನೋಡ್ತಾನೇ ಇದೀನಿ. ಬೆಂಕಿ ಇರೋದು ಅಡುಗೆಮನೇಲಿ. ನೀನು ಸಮುದ್ರದ ಮೀನಿಗೆ ಸ್ನಾನ ಮಾಡ್ಸಕ್ಕೆ ಹೊರಟಿದ್ದೀಯ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೈಪಿನಿಂದ ಮಾತ್ರ ನೀರು ಬರಲಿಲ್ಲ. ರುಸಿಯಾತೆ ನಗು ನಿಲ್ಲಿಸಿದ.

"ಯಾವ ವಾಲ್ವ್ ತಿರುಗಿಸ್ಬೇಕು ಅಂತಾನೇ ನಿಂಗೊತ್ತಿಲ್ಲ, ಭಾವ."

ಅಪೆನಿಸಾ ಪೈಪು ಕೆಳಗಿಟ್ಟ. "ಗೊತ್ತಿಲ್ಲ. ಕ್ಯಾಪ್ಟನ್ನ ಕೇಳೋಣ ಅಂದ್ಕೊಂಡೆ. ಕೇಳಿದ್ರೆ ಅವ್ರು ಸರಿಯಾಗಿ ಹೇಳ್ಕೊಡ್ಲಿಲ್ಲ ಅಂದಂಗಾಗತ್ತೆ ಅಂತ ಸುಮ್ನಾದೆ."

ಸುಮ್ಮನಾದವನು ಅವನೊಬ್ಬನೇ ಅಲ್ಲ ಎಂಬುದು ಉಳಿದವರ ಮುಖದಲ್ಲೇ ಕಾಣುತ್ತಿತ್ತು.

ಹಡಗು ಸಂಜೆ ಹೊರಡುವುದಿಲ್ಲ ಎಂದಳು ವಾಸಿತಿ. ಕಾಯುತ್ತಿರುವವರ ಬೈಗುಳ ನೀನೇ ತಿನ್ನು ಎಂದ ಸೆಮಿಸಿ. ಅವಳು ಕೆಳಗಿಳಿದು ಹೋಗಿ ತಾನೇ ಹೇಳಿದಳು, ಬೈಸಿಕೊಂಡಳು, ಹತ್ತಿ ಬಂದಳು. ಒಬ್ಬೊಬ್ಬರ ಎದುರಿಗೂ ಅವರವರ ಭಾವನನ್ನು ನಿಲ್ಲಿಸಿ, ವಾಲ್ವಿನಿಂದ ಹಿಡಿದು ಮತ್ತೆ ಕಲಿಸಿದಳು.

ಕತ್ತಲಾಗುವ ಹೊತ್ತಿಗೆ ಅಪೆನಿಸಾ ಬಿಟ್ಟ ನೀರು ನೇರ ಅಡುಗೆಮನೆಯ ಬಾಗಿಲಿಗೆ ಬಡಿಯಿತು. ವಾಸಿತಿ ರುಸಿಯಾತೆಯ ಕಡೆ ನೋಡಿದಳು. ಅವನು ಆಡಿಕೊಳ್ಳಲು ಬಾಯಿ ತೆರೆದ, ತಪ್ಪು ಹುಡುಕಿದ. ಒಂದೂ ಸಿಗಲಿಲ್ಲ.

"ಮುಂದಿನವ್ರು ಬನ್ನಿ," ಎಂದಳು.