ಬೀಗರು ಹೂಡಿ ಕಳಿಸಿದ ಗಾಡಿ

ಈ ಕಥೆಯನ್ನು ಮೊದಲು ಹೇಳಿದವರು ಮಸ್ಕಿಯ ಬಳೆಗಾರ್ತಿ ಖಾತೂನ್‌ಬೀ. 1954ರ ಮಾಘಮಾಸದ ಒಂದು ಮಧ್ಯಾಹ್ನ, ಗುರುಗುಂಟಾದ ಅಂಬಮ್ಮನವರ ಪಡಸಾಲೆಯಲ್ಲಿ. ಕೇಳುತ್ತ ಕೂತವರು ಶೇಂಗಾ ಸುಲಿಯುತ್ತಿದ್ದ ಏಳೆಂಟು ಹೆಂಗಸರು. ಲಿಂಗಸುಗೂರಿನಲ್ಲಿ ನಾನು ಕೇಳಿದ ಪಾಠದಲ್ಲಿ ಕಥೆಯ ಊರಿಗೆ ಕಾವಲಿದ್ದವರು ಇಪ್ಪತ್ತು ಮಂದಿ. ಖಾತೂನ್‌ಬೀ ಕಣ್ಣಾರೆ ಕಂಡವರಾದ್ದರಿಂದ ಅವರು ಹೇಳಿದ ಒಂಬತ್ತನ್ನೇ ಉಳಿಸಿಕೊಂಡಿದ್ದೇನೆ.

ಕರಡಿಬಂಡೆ, ಎಕ್ಕೆದೊಡ್ಡಿ ಎಂಬ ಎರಡು ಊರುಗಳು ಬೀಗತನದಿಂದ ಹೊಂದಿಕೊಂಡಿದ್ದವು. ಕರಡಿಬಂಡೆಯ ಬಸವಂತರಾಯಗೌಡರ ಮಗಳು ಶೇಖರಮ್ಮ ಎಕ್ಕೆದೊಡ್ಡಿಯ ಅಮರಗುಂಡಪ್ಪಗೌಡರ ಸೊಸೆ. 1948ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ ಎಕ್ಕೆದೊಡ್ಡಿಯವರು ತಮ್ಮ ಒಂಬತ್ತು ಜನರನ್ನು ಕರಡಿಬಂಡೆಯ ಹುಡೇವಿನಲ್ಲಿ, ಎಂದರೆ ಊರಂಚಿನ ದುಂಡು ಕಲ್ಲುಗೋಪುರದಲ್ಲಿ, ಕಾವಲಿಗೆ ಇಟ್ಟರು. ಹಾವಳಿ ಅಡಗಿದ ಮೇಲೆ ಬರುವ ಯುಗಾದಿಗೆ ಎರಡೂ ಊರಿನ ಗೌಡರು ಕೂತು, ಕಾವಲು ಇರಬೇಕೋ ಹೋಗಬೇಕೋ ಗೊತ್ತುಮಾಡಿ, ವೀಳ್ಯ ಬದಲಾಯಿಸಿಕೊಳ್ಳುವುದೆಂದು ಮಾತಾಗಿತ್ತು.

ಹಾವಳಿ ಅಡಗಿತು. ಬಂದೂಕುಗಳನ್ನು ಸರಕಾರಕ್ಕೆ ಒಪ್ಪಿಸಿದ್ದಾಯಿತು. ಕಾವಲಿನವರು ಮಾತ್ರ ಬಡಿಗೆ ಹಿಡಿದು ಅಲ್ಲಿಯೇ ಕೂತರು. ಹುಡೇವಿನ ಬುಡದಲ್ಲೇ ಊರಿನ ಸೇದುಬಾವಿ. ನೀರಿಗೆ ಬಂದ ಹೆಂಗಸರು ಕಾವಲಿನ ಹಿರಿಯ ದಸ್ತಗೀರ್‌ಸಾಬರನ್ನು ಕೆಣಕುತ್ತಿದ್ದರು: "ಏನ್ ಮಾವಾ, ರಜಾಕಾರರು ನಮ್ಮ ಕೊಡದಾಗ ಅಡಗ್ಯಾರೇನು, ಹಂಗ ಬಗ್ಗಿ ಬಗ್ಗಿ ನೋಡಾಕತ್ತೀರಿ?"

ಕಾವಲು ಹೋಗಲಿ ಎಂದರೆ ಬೀಗರು ಮುನಿಯುತ್ತಾರೆ, ಇರಲಿ ಎಂದರೆ ಊರು ಉಗಿಯುತ್ತದೆ. ಬಸವಂತರಾಯರು ಎರಡನ್ನೂ ಹೇಳಲಿಲ್ಲ. ಯುಗಾದಿಗೆ ಎಕ್ಕೆದೊಡ್ಡಿಯಿಂದ ವೀಳ್ಯ ಬಂದಾಗ "ಹುಣ್ಣಿವಿ ಕಳೀಲಿ" ಎಂದರು. ಮತ್ತೆ ಬಂದಾಗ "ಬಿತ್ತಿಗಿ ಮುಗೀಲಿ" ಎಂದು ಚಹ ಕುಡಿಸಿ ಕಳಿಸಿದರು. ತಟ್ಟೆಯಲ್ಲಿದ್ದ ಎಲೆಯನ್ನು ಮುಟ್ಟಲಿಲ್ಲ.

ಮೂರನೆಯ ಸಲ ವೀಳ್ಯ ಬರಲಿಲ್ಲ, ಮಾತು ಬಂತು: "ಈ ಪಂಚಮಿಗೆ ನಿಮ್ಮ ಮಗಳ ಗಾಡಿ ನಾವೇ ಹೂಡಿ ಕಳಿಸ್ತೀವಿ."

ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ಕರೆತರಲು ತವರಿನ ಗಾಡಿಯೇ ಹೋಗುವುದು ರೂಢಿ. ಗಂಡನ ಮನೆಯವರೇ ಗಾಡಿ ಹೂಡುವುದೆಂದರೆ ದೊಡ್ಡ ಮರ್ಯಾದೆಯೆಂದು ಬಸವಂತರಾಯರು ತಿಳಿದರು. ಕಟ್ಟೆಯ ಮೇಲೆ ಕೂತು ನಕ್ಕರು: "ನೋಡ್ರಿ, ಸುಮ್ನ ಇದ್ದದ್ದಕ್ಕ ಬೀಗರು ಮೆತ್ತಗಾದ್ರು."

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗಾಡಿ ಕಂಡಿತು. ಬಳೆ ಇಡಿಸಲು ಬಂದಿದ್ದ ಖಾತೂನ್‌ಬೀಯೂ ಹೆಂಗಸರೊಡನೆ ಆರತಿಯ ಹಿಂದೆ ಊರ ಅಗಸೆಬಾಗಿಲಿಗೆ ಓಡಿದರು. ಹಾಡು ಅರ್ಧಕ್ಕೆ ನಿಂತಿತು. ಗಾಡಿಯಲ್ಲಿ ಶೇಖರಮ್ಮನ ಜೊತೆ ಮದುವೆಯಲ್ಲಿ ಕೊಟ್ಟ ಹಂಡೆ, ಕೊಡ, ಪೆಟ್ಟಿಗೆ, ಎಲ್ಲವೂ ಇದ್ದವು. ಐದು ತಿಂಗಳ ಕೂಸು ಇರಲಿಲ್ಲ. ಹಾಲು ತುಂಬಿ ಆಕೆಯ ಕುಪ್ಪಸ ತೊಯ್ದಿತ್ತು.

ಗಾಡಿ ಹೊಡೆದು ತಂದ ಆದೆಪ್ಪ ನೆಲ ನೋಡುತ್ತ ಹೇಳಿದ: "ನಿಮ್ಮ ವೀಳ್ಯ ಬಂದ ದಿನ ಕೂಸು ಕೊಡ್ತಾರಂತ್ರಿ."

ಆರತಿಯ ದೀಪ ಗಾಳಿಗೆ ಆರಿದ್ದನ್ನು ಹಿಡಿದವಳೇ ಕಾಣಲಿಲ್ಲ.

"ಯಪ್ಪಾ, ಹ್ಞೂ ಅನ್ನು, ಇಲ್ಲಾ ಊಹ್ಞೂ ಅನ್ನು," ಎಂದಳು ಶೇಖರಮ್ಮ. "ಏನರ ಒಂದು ಅನ್ನು. ಕೂಸು ನಸುಕಿನಿಂದ ಹಸದೈತಿ."

ಬಸವಂತರಾಯರು ಸುತ್ತ ನಿಂತ ಊರನ್ನು ನೋಡಿದರು, ಹುಡೇವನ್ನು ನೋಡಿದರು. "ಹಬ್ಬ ಮುಗೀಲಿ ತಾಯಿ. ಮಾತಾಡೂಣು."

ದಸ್ತಗೀರ್‌ಸಾಬರು ಕಾವಲು ಬಿಟ್ಟು ಕೆಳಗಿಳಿದು ಬಂದಿದ್ದರು. ಆ ಮಾತು ಕೇಳಿ ಹುಡೇವಿನ ಬೀಗದಕೈಯನ್ನು ಗೌಡರ ಕಾಲಬಳಿ ಇಟ್ಟರು. ತಮ್ಮ ಎಂಟು ಜನರಿಗೆ "ನಡೀರಲೇ" ಎಂದು ಹೇಳಿ, ಎತ್ತುಗಳ ಮೋರೆಯನ್ನು ತಾವೇ ಹಿಡಿದು ಗಾಡಿ ಹೊರಳಿಸಿದರು. ಖಾತೂನ್‌ಬೀ ಬಳೆಯ ಮಲಾರದೊಂದಿಗೆ ಶೇಖರಮ್ಮನ ಪಕ್ಕ ಹತ್ತಿ ಕೂತರು.

ಎಕ್ಕೆದೊಡ್ಡಿಯಲ್ಲಿ ಅಮರಗುಂಡಪ್ಪಗೌಡರು ಕಟ್ಟೆಯಿಂದೆದ್ದು ಗುಡುಗಿದರು: "ಯಾರ ಹುಕುಮಿನ ಮ್ಯಾಲೆ ಬಂದ್ರಿಲೇ?"

"ಹುಕುಮ ಇಲ್ರಿ ಗೌಡ್ರ. ಹುಡೇವು ಖಾಲಿ ಐತಿ," ಎಂದರು ದಸ್ತಗೀರ್‌ಸಾಬರು. "ಇನ್ನ ಕೂಸು ಇಟ್ಕೊಂಡು ಏನ್ ಕೇಳ್ತೀರಿ?"

ಗೌಡರ ಕೈ ಮೀಸೆಯ ಹತ್ತಿರ ಹೋದದ್ದು ಅಲ್ಲಿಯೇ ಉಳಿಯಿತು. ಶೇಖರಮ್ಮನ ಗಂಡ ಬಾಗಿಲ ಮರೆಯಲ್ಲಿ ನಿಂತಿದ್ದ, ಹೊರಗೆ ಬರಲಿಲ್ಲ. ಅತ್ತೆಯೇ ಕೂಸನ್ನು ತಂದು ಗಾಡಿಯೊಳಕ್ಕೆ ಚಾಚಿದಳು. ಅತ್ತು ಅತ್ತು ಅದರ ದನಿ ಕಟ್ಟಿಹೋಗಿತ್ತು. ಮೊಲೆ ಕೊಟ್ಟರೆ ಎರಡು ಸಲ ಮುಖ ತಿರುವಿತು, ಆಮೇಲೆ ಹಿಡಿಯಿತು.

ಇಲ್ಲಿಗೆ ಬಂದು ಖಾತೂನ್‌ಬೀ ಕಥೆ ನಿಲ್ಲಿಸಿದರು.

"ಆಮ್ಯಾಲೆ ಗಂಡನ ಮನ್ಯಾಗ ಉಳಿದ್ಳೇನಬೇ?" ಎಂದು ಅಂಬಮ್ಮ ಕೇಳಿದರು.

"ಇಳೀಲೇ ಇಲ್ಲವ್ವಾ."

"ಮತ್ತ ಅಪ್ಪನ ಮನಿಗಿ ಹೋದ್ಳೇನು?"

"ಆ ಹಾದಿ ಹಿಡಿಬ್ಯಾಡ ಅಂದ್ಳು. ಎಲ್ಲಿಗಿ ಹೊಡೀಲಿ ಅಂತ ಆದೆಪ್ಪ ಕೇಳಿದ. ಆಕಿ ನನ್ನ ಮಾರಿ ನೋಡಿದ್ಳು. ಐದು ವರ್ಷ ಆಗಾಕ ಬಂತು, ಮಸ್ಕ್ಯಾಗ ನಮ್ಮ ಮನಿ ಮಗ್ಗಲದಾಗ ಅದಾಳ. ಬಟ್ಟಿ ಹೊಲೀತಾಳ. ಎರಡೂ ಊರಿನವರು ಕರ್‍ಯಾಕ ಬರ್ತಾರ, ಆಕಿ ಬಾಗಿಲಾ ತೆಗ್ಯಾಂಗಿಲ್ಲ."

ತವರೂ ಬೇಡ, ಗಂಡನ ಮನೆಯೂ ಬೇಡ ಎಂದವಳ ಸುದ್ದಿಯನ್ನು ಆ ಹೆಂಗಸರು ಅದುವರೆಗೆ ಕೇಳಿರಲಿಲ್ಲ. ಶೇಂಗಾ ಸುಲಿಯುವ ಕೈಗಳು ನಿಂತಿದ್ದವು. ಮೊದಲು ಒಬ್ಬಳು ಸೆರಗು ಕೊಡವಿಕೊಂಡು ಎದ್ದಳು. ಉಳಿದವರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದು, ತಂತಮ್ಮ ಮನೆಗಳಿಗೆ ಹೋದರು.