ದನಕ್ಕೆ

ತಮ್ಮ ಗೋದಾಮಿನ ಬಾಗಿಲಲ್ಲಿ ಲಾರಿಗೆ ಚೀಲ ಹೇರಿಸುತ್ತ ನಿಂತಿದ್ದ. ಅಕ್ಕ ಸೊಂಟದ ಮೇಲಿಟ್ಟು ತಂದ ಬುಟ್ಟಿಯ ಮೆಕ್ಕೆಜೋಳವನ್ನು ಅವನ ಕಾಲಬುಡಕ್ಕೇ ಸುರಿದಳು. ಹಸಿರು ಪುಡಿ ಎದ್ದಿತು. ಹಮಾಲಿಗಳು ಮೂಗು ಮುಚ್ಚಿಕೊಂಡರು.

"ಏನಕ್ಕಾ ಇದು? ಈಗಷ್ಟೇ ಗುಡಿಸಿದ್ರು."

"ಮತ್ತೆ ಗುಡಿಸ್ಲಿ. ನಿಂದೇ ಮಾಲು. ಚುಕ್ಕಿ ಸತ್ತೋದ್ಲು."

ತಮ್ಮನ ಮುಖ ನಿಜವಾಗಿಯೂ ಸಣ್ಣದಾಯಿತು. ಚುಕ್ಕಿ ಕರುವಾಗಿದ್ದಾಗ ಅದರ ಬಾಯಿಗೆ ಬೆರಳಿಟ್ಟು ಹಾಲು ಕುಡಿಯಲು ಕಲಿಸಿದವನೇ ಅವನು.

ಆ ಗೋದಾಮಿನಲ್ಲಿ ಅಪ್ಪನ ಕಾಲದಿಂದ ಬಂದ ಒಂದು ರೂಢಿಯಿತ್ತು. ತೇವಕ್ಕೆ ಬಿಸಿಯೇರಿ ಬೂಷ್ಟು ಹಿಡಿದ ಚೀಲವನ್ನು ಎಸೆಯುವುದಿಲ್ಲ. ಬಿಸಿಲಿಗೆ ಹರವಿ, ಮತ್ತೆ ತುಂಬಿ, ಸೀಮೆಸುಣ್ಣದಲ್ಲಿ 'ದನಕ್ಕೆ' ಎಂದು ಬರೆದು ಮೂಲೆಗೆ ತಳ್ಳುವುದು. ಹಾಗೆ ಬರೆದಾಯಿತೆಂದರೆ ಮುಗಿಯಿತು, ಆಮೇಲೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಲು ಮಾರಿ ಬದುಕುವ ಅಕ್ಕನಿಗೆ ತಮ್ಮ ಅಂಥ ಚೀಲಗಳನ್ನು ಪುಕ್ಕಟೆ ಕಳಿಸುತ್ತಿದ್ದ. ನನ್ನ ತಮ್ಮ ಚಿನ್ನ ಎಂದು ಅವಳೂ ಬೀದಿಯೆಲ್ಲ ಹೇಳಿಕೊಂಡು ಬರುತ್ತಿದ್ದಳು.

"ಬಿಸಿಲಿಗೆ ಹಾಕಿಯೇ ಕೊಟ್ಟಿದ್ದೆ ಕಣಕ್ಕಾ. ಬೂಷ್ಟೆಲ್ಲ ಹೋಗಿತ್ತು."

"ಬೂಷ್ಟು ಹೋಗುತ್ತಂತೆ. ಅದು ಬಿಟ್ಟ ವಿಷ ಹೋಗಲ್ವಂತೆ. ಬಿಸಿಲಿಗೂ ಹೋಗಲ್ಲ, ಕುದಿಸಿದ್ರೂ ಹೋಗಲ್ಲ. ದನದ ಡಾಕ್ಟ್ರು ಹೊಟ್ಟೆ ಕುಯ್ದು ತೋರ್ಸಿದ್ರು, ಲಿವರ್ರು ಸೌದೆ ತುಂಡಾಗಿತ್ತು."

"ನಾನೇನು ಜನಕ್ಕೆ ಮಾರಿದ್ನಾ? ಇದರಲ್ಲಿ ಒಂದು ಕಾಳೂ ಮನುಷ್ಯರ ಬಾಯಿಗೆ ಹೋಗೋಕೆ ಬಿಟ್ಟೋನಲ್ಲ ನಾನು."

"ದನ ಅದನ್ನ ತಿಂದು ಏನು ಕೊಡುತ್ತೆ ಹೇಳೋ?"

"ಸಗಣಿ," ಎಂದ ಹಿಂದಿನಿಂದ ಒಬ್ಬ ಹಮಾಲಿ. ಯಾರೋ ನಕ್ಕರು. ಅಕ್ಕ ತಿರುಗಿ ನೋಡಿದಳು, ನಗು ಅಲ್ಲೇ ಸತ್ತಿತು.

"ಹಾಲು ಕೊಡುತ್ತೆ. ವಿಷ ಹಾಲಿಗೂ ಇಳಿಯುತ್ತಂತೆ. ಈ ಮೂಲೆ ಚೀಲ ಒಂದೂ ಹೊರಗೆ ಹೋಗಬಾರ್ದು. ಎಲ್ಲ ಸುಡು."

"ತಲೆ ಕೆಟ್ಟಿದ್ಯಾ? ಅದನ್ನ ಒಯ್ಯೋಕೇ ದನದ ಮೇವಿನ ಕಾರ್ಖಾನೆ ಲಾರಿ ಬಂದು ನಿಂತಿರೋದು." ಅವನು ದನಿ ತಗ್ಗಿಸಿದ. "ಬಾಯಿ ಮಾಡ್ಬೇಡ. ಜನಕ್ಕೆ ಗೊತ್ತಾದ್ರೆ ನಿನ್ನ ಹಾಲು ಮೂಸೋರೂ ಇರಲ್ಲ."

"ಬೆಳಿಗ್ಗೆಯಿಂದ ಮನೆಮನೆಗೂ ಹೋಗಿ ನಾನೇ ಹೇಳ್ಬಂದೆ. ಒಬ್ಬಳು ಪಾತ್ರೆ ಎಸೆದ್ಲು. ಎಸೀಲಿ. ಉಳಿದಿದ್ದು ಇದೊಂದು ಮನೆ."

ಗೋದಾಮಿಗೂ ಮನೆಗೂ ನಡುವಿನ ಬಾಗಿಲಲ್ಲಿ ತಮ್ಮನ ಹೆಂಡತಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅತ್ತಿಗೆ, ನಮ್ಮನೆಗೆ ಯಾವ ಹಸುವಿನ ಹಾಲು ಕೊಡ್ತಿದ್ರಿ?"

ಅಲ್ಲಿಯವರೆಗೆ ಗುಡುಗುತ್ತಿದ್ದ ಅಕ್ಕ ಮಗುವಿನ ಹತ್ತಿರ ಹೋಗಿ ನಿಂತಳು. "ಚುಕ್ಕೀದು ಕಣಮ್ಮ. ಗಟ್ಟಿ ಹಾಲು, ಮಗೂಗೆ ಒಳ್ಳೇದು ಅಂತ ಬೇರೆ ಕರೆದಿಟ್ಟು ಕಳಿಸ್ತಿದ್ದೆ. ಈಗ್ಲೇ ಡಾಕ್ಟ್ರಿಗೆ ತೋರ್ಸು."

ತಮ್ಮ ಮಗುವನ್ನು ನೋಡಿದ. ಲಾರಿಯನ್ನು ನೋಡಿದ. ಬಹಳ ಹೊತ್ತು ಯೋಚಿಸಿದವನಂತೆ ಹೇಳಿದ, "ತೋರ್ಸೋಣ. ಇವತ್ತಿಂದ ಪ್ಯಾಕೆಟ್ ಹಾಲು ತರೋಣ. ಈ ಚೀಲ ಬೇರೆ ಯಾರದ್ದೋ ದನಕ್ಕೆ ಹೋಗುತ್ತೆ, ನಮಗೇನು."

"ಪ್ಯಾಕೆಟ್ ಹಾಲು ಯಾರ ದನದ್ದು ರೀ?" ಎಂದಳು ಹೆಂಡತಿ.

ಅವಳು ಉತ್ತರಕ್ಕೆ ಕಾಯಲಿಲ್ಲ. ಮಗುವನ್ನು ಅವನ ತೋಳಿಗೆ ಕೊಟ್ಟಳು. "ಇಲ್ಲಿ ಧೂಳೇಳುತ್ತೆ. ಹೊರಗೆ ಎತ್ಕೊಂಡು ಹೋಗಿ."

ಹಮಾಲಿಯ ಕೈಯಿಂದ ಕೊಕ್ಕೆ ಕಿತ್ತುಕೊಂಡು ಮೊದಲ ಚೀಲದ ಹೊಟ್ಟೆಗೆ ಹಾಕಿ ಎಳೆದಳು. ಕಾಳು ಗಂಟುಗಂಟಾಗಿ ಉರುಳಿತು. ಲಾರಿಯವನು ಇಳಿದು ಬಂದು ಒಂದು ಗಂಟು ಒಡೆದು ನೋಡಿದ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹೇರಿದ್ದನ್ನೂ ಇಳಿಸ್ಕೊಳ್ರಪ್ಪ," ಎಂದ.

ಅಕ್ಕ ಬಟ್ಟೆಯಿಂದ ಮೂಗು ಕಟ್ಟಿಕೊಂಡು ಎರಡನೆಯ ಚೀಲವನ್ನು ಎಳೆದಳು.