ವಾಸನೆ ಕಳೆದುಕೊಂಡ ಮೂಗಣ್ಣ

ಸಿಗಾರ್ ಅಂಗಡಿಯ ಮೂಗಣ್ಣನಿಗೆ ಆ ಹೆಸರು ಬಂದದ್ದು ಮಾತು ಬಾರದ್ದಕ್ಕಲ್ಲ. ಮಾತಿನಲ್ಲಿ ಅವನನ್ನು ಸೋಲಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಅವನ ಮೂಗು ಅಂಥದ್ದು. ಕಣ್ಣುಮುಚ್ಚಿಸಿ ಒಂದು ಸಿಗಾರ್ ಹಿಡಿದರೆ ಸಾಕು, ಮೆದುವೋ ಖಡಕ್ಕೋ, ಎಲೆ ಹಳೆಯದೋ ಹೊಸದೋ, ಪೆಟ್ಟಿಗೆಗೆ ತೇವ ತಾಗಿದೆಯೋ ಎಂದು ಹೇಳಿಬಿಡುತ್ತಿದ್ದ. ಅಂಗಡಿ ಅಣ್ಣನದು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಗಲ್ಲಾದಲ್ಲಿ ಕೂತರು. ಅವರಿಗೆ ಹೊಗೆಸೊಪ್ಪು ಕಂಡರಾಗದು. ಹೊಸಬರು ಬಂದರೆ ಮೈದುನನ ಕಡೆ ಕೈತೋರಿಸಿ ಸುಮ್ಮನಾಗುತ್ತಿದ್ದರು.

ಆ ವರ್ಷ ಮೂಗಣ್ಣ ಜ್ವರ ಬಂದು ಎಂಟು ದಿನ ಮಲಗಿದ. ಎದ್ದಾಗ ಕಾಫಿ ಬರೀ ಬಿಸಿನೀರಾಗಿತ್ತು. ಸೋಪು, ಈರುಳ್ಳಿ, ಹೆಂಡತಿಯ ತಲೆಗೂದಲು, ಯಾವುದಕ್ಕೂ ವಾಸನೆಯಿಲ್ಲ. ವೈದ್ಯರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದರು.

"ಅತ್ತಿಗೆಗೆ ಹೇಳ್ಬಿಡಿ" ಎಂದಳು ಹೆಂಡತಿ.

"ಏನಂತ ಹೇಳ್ಲಿ? ನಾನಿನ್ನು ಯಾವ ಕೆಲಸಕ್ಕೂ ಬಾರದೋನು ಅಂತಲಾ?"

ಹೇಳಲಿಲ್ಲ. ನಾಲ್ಕು ತಿಂಗಳು ನೆನಪಿನ ಮೇಲೆ ಬದುಕಿದ. ಸಿಗಾರನ್ನು ಮೂಗಿನ ಕೆಳಗೆ ಹಿಡಿದು, ಕಣ್ಣು ಅರೆಮುಚ್ಚಿ, ಹಿಂದೆಂದೋ ಹೇಳಿದ್ದನ್ನೇ ಹೇಳುತ್ತಿದ್ದ. ಗಿರಾಕಿಗಳು ತಲೆದೂಗುತ್ತಿದ್ದರು. ಅವರು ತಲೆದೂಗಿದಷ್ಟೂ ಅವನು ಬೇಗಬೇಗ ಪೆಟ್ಟಿಗೆ ಮುಚ್ಚಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಮೂಲೆಯ ಗಡಿಯಾರ ರಿಪೇರಿಯವನು ಬಂದ. ಮೂವತ್ತು ದಾಟಿದವನು, ನಾಚಿಕೆಯ ಸ್ವಭಾವ.

"ಒಂದು ಹೆಣ್ಣು ಒಪ್ಕೊಂಡಿದಾಳೆ. ಆದ್ರೆ ಅವರಪ್ಪ ಊಟ ಆದ್ಮೇಲೆ ಸಿಗಾರ್ ಸೇದ್ತಾರೆ, ಜೊತೇಲಿ ಕೂತು ಸೇದೋರ ಹತ್ರ ಮಾತ್ರ ಮಾತು. ನಾನು ಬೀಡಿ ಕೂಡ ಮುಟ್ಟಿದೋನಲ್ಲ. ನನಗೆ ಯಾವುದು ಹಿಡಿಸುತ್ತೆ ಅಂತ ನನಗೇ ಗೊತ್ತಿಲ್ಲ."

ಮೂಗಣ್ಣನಿಗೆ ಅವನು ಇಷ್ಟವಾದ. "ಯಾರಿಗೂ ಮೊದಲೇ ಗೊತ್ತಿರಲ್ಲ. ಚಿಕ್ಕದ್ರಿಂದ ಶುರು ಮಾಡಿ, ಮೆದುವಾಗಿರೋದು. ಖಾಲಿ ಹೊಟ್ಟೇಲಿ ಬೇಡ. ಹೊಗೆ ಬಾಯಲ್ಲೇ ಇರ್ಲಿ, ಎದೆಗೆ ಎಳ್ಕೋಬೇಡಿ. ಒಂದು ಸಲ ಎಳೆದು ಒಂದು ನಿಮಿಷ ಬಿಡಿ. ಸಾಕು ಅನ್ನಿಸಿದ್ರೆ ಅರ್ಧಕ್ಕೇ ಇಟ್ಬಿಡಿ, ಯಾರೂ ನಗಲ್ಲ."

ಎಲ್ಲವೂ ಸರಿಯಾದ ಮಾತೇ. ಆದರೆ ಬಿಡಿ ಸಿಗಾರಿನ ಡ್ರಾಯರಿನಲ್ಲಿ ಗುರುತಿಗೆ ಸುತ್ತಿದ ಕಾಗದದ ಪಟ್ಟಿಗಳು ಉದುರಿಹೋಗಿ ಮೆದು, ಖಡಕ್ಕು ಬೆರೆತಿದ್ದವು. ಹಿಂದಾದರೆ ಮೂಸಿ ಬೇರ್ಪಡಿಸುತ್ತಿದ್ದ. ಈಗ ಬಣ್ಣ ನೋಡಿದ. ಹೊರಗೆ ಸುತ್ತಿದ ಮೇಲೆಲೆ ತಿಳಿಬಣ್ಣದ್ದಾಗಿದ್ದುದನ್ನು ಮೆದು ಎಂದುಕೊಂಡು ಕೊಟ್ಟ. ಮೇಲೆಲೆಯ ಬಣ್ಣ ನೋಡಿ ಒಳಗಿನ ಖಡಕ್ಕು ಅಳೆಯಬೇಡಿ ಎಂದು ಸಾವಿರ ಜನಕ್ಕೆ ಹೇಳಿದವನು ಅವನೇ.

ಮೂರನೆಯ ದಿನ ಗಡಿಯಾರದವನು ಬಾಗಿಲಲ್ಲಿ ನಿಂತ. ಮುಖ ಬಿಳಿಚಿಕೊಂಡಿತ್ತು.

"ನೀವು ಹೇಳ್ದಂಗೇ ಮಾಡ್ದೆ. ಕಾಲು ಭಾಗ ಆಗಿರ್ಲಿಲ್ಲ, ಕಣ್ಣು ಕತ್ತಲೆ ಬಂತು. ಅವರಪ್ಪನ ರತ್ನಗಂಬಳಿ ಮೇಲೇ ವಾಂತಿ ಮಾಡ್ಕೊಂಡೆ. ಮೊದಲ ಸಲಕ್ಕೆ ಇದನ್ನ ಕೊಟ್ಟೋನು ತಲೆಕೆಟ್ಟೋನಾ ಅಂದ್ರು ಅವ್ರು. ಮದುವೆ ಮಾತು ಅಲ್ಲಿಗೇ ನಿಂತಿದೆ."

ಅತ್ತಿಗೆ ಗಲ್ಲಾದಿಂದ ಎದ್ದು ಬಂದರು. "ನೀನು ಮೂಸಿ ನೋಡ್ಲಿಲ್ವಾ?"

ಮೂಗಣ್ಣ ಡ್ರಾಯರನ್ನು ಮೆಲ್ಲಗೆ ಮುಚ್ಚಿದ. "ಮೂಸಿದ್ರೂ ಅಷ್ಟೇ ಅತ್ತಿಗೆ. ನಾಲ್ಕು ತಿಂಗಳಾಯ್ತು. ಏನೂ ಬರಲ್ಲ" ಎಂದ.

"ನಾಲ್ಕು ತಿಂಗಳು! ಬಂದೋರಿಗೆಲ್ಲ ಬಾಯಿಗೆ ಬಂದದ್ದು ಹೇಳ್ತಾ ಇದ್ಯಾ? ನಿಮ್ಮಣ್ಣನ ಅಂಗಡೀಲಿ?"

ಅವನು ಬೀಗದ ಕೈ ಕೌಂಟರಿನ ಮೇಲಿಟ್ಟು ಹೊರಟುಹೋದ.

ಒಂದು ವಾರ ಅಡುಗೆಮನೆ ಬಿಟ್ಟು ಅಲುಗಲಿಲ್ಲ. ಕಾಗದ ಸುಟ್ಟ, ಮೆಣಸು ಅರೆದ, ಸೀಮೆಎಣ್ಣೆಯ ಬಟ್ಟೆಯಲ್ಲಿ ಮುಖವಿಟ್ಟ. ವಿನೆಗರಿನ ಬಾಟಲಿಯನ್ನು ಹೊಳ್ಳೆಗೊತ್ತಿ ಉಸಿರೆಳೆದಾಗ ಕಣ್ಣಲ್ಲಿ ಧಾರಾಕಾರ ನೀರು ಬಂತು, ವಾಸನೆ ಬರಲಿಲ್ಲ. ಹೆಂಡತಿ ಬಾಟಲಿ ಕಿತ್ತುಕೊಂಡಳು. "ಮೂಗು ಹೋಯ್ತು, ಇನ್ನು ತಲೇನೂ ಕಳ್ಕೋತೀರಾ?" ಎಂದು ಬೈಯುತ್ತ ತಾನೇ ಅತ್ತಳು. ಐವತ್ತೆರಡು ವರ್ಷದ ಮನುಷ್ಯ ಸಿಂಕಿನ ಕೆಳಗೆ ನೆಲದ ಮೇಲೆ ಕೂತು, ತನಗೆ ಬೇರೇನು ಬರುತ್ತದೆಂದು ಲೆಕ್ಕ ಹಾಕಿದ. ಏನೂ ಹೊಳೆಯಲಿಲ್ಲ.

ಎಂಟನೆಯ ಬೆಳಿಗ್ಗೆ ಅತ್ತಿಗೆ ಬಂದರು. ಕಂಕುಳಲ್ಲಿ ಅಂಗಡಿಯ ಡ್ರಾಯರೇ ಇತ್ತು. ಊಟದ ಮೇಜಿನ ಮೇಲಿಟ್ಟು ಕೂತರು. ಅವರಿನ್ನೂ ಸಿಟ್ಟಿನಲ್ಲೇ ಇದ್ದರು.

"ಗಡಿಯಾರದೋನು ಇನ್ನೊಂದು ಸಲ ನೋಡ್ತೀನಿ, ಸರಿಯಾದ್ದು ಕೊಡಿ ಅಂತ ದಿನಾ ಬಂದು ನಿಂತ್ಕೋತಾನೆ. ಯಾವುದು ಯಾವುದು ಅಂತ ನನಗೆ ಗೊತ್ತಾಗಲ್ಲ. ಹೇಗೆ ಮೂಸ್ಬೇಕು, ಹೇಳ್ಕೊಡು."

"ನೀವಾ?"

"ಮತ್ತಿನ್ಯಾರು? ನಿನ್ನ ಮೂಗು ಬರೋ ತನಕ ಅಂಗಡಿ ಬಾಗಿಲು ಹಾಕ್ಲಾ?"

ಮೂಗಣ್ಣ ಒಂದು ಸಿಗಾರನ್ನು ಅವರ ಕೈಗಿತ್ತ. "ಒಳಗಿನ ಎಲೆ ಕಾಣೋ ತುದಿ ಮೂಗಿನ ಹತ್ರ ಹಿಡೀರಿ. ಸಣ್ಣ ಸಣ್ಣ ಉಸಿರು. ಚೆನ್ನಾಗಿದೆಯಾ ಇಲ್ವಾ ಅಂತ ನೋಡ್ಬೇಡಿ. ಏನು ನೆನಪಾಗುತ್ತೆ, ಅದನ್ನ ಹೇಳಿ."

ಅತ್ತಿಗೆ ಮೊದಲು ಕೆಮ್ಮಿದರು. ಮತ್ತೆ ಮೂಸಿದರು. "ಹಳೇ ಬೀರು ಬಾಗಿಲು ತೆಗೆದಂಗೆ."

"ಅದು ಮೆದು. ಈ ಕಡೆ ಇಡಿ. ಇದು?"

"ಮೂಗೊಳಗೆ ಚುಚ್ಚುತ್ತೆ. ಕಾಳುಮೆಣಸು."

"ಖಡಕ್ಕು. ಆ ಕಡೆ."

ಹನ್ನೊಂದನೆಯದನ್ನು ಮೂಸಿ ಅತ್ತಿಗೆ ಇನ್ನೊಮ್ಮೆ ಮೂಗಿನ ಹತ್ತಿರ ಹಿಡಿದರು. ಆಮೇಲೆ ಬಹಳ ಮೆಲ್ಲಗೆ, "ನಿಮ್ಮಣ್ಣನ ಕೋಟು" ಎಂದರು. ಇಷ್ಟು ವರ್ಷ ಆ ಡ್ರಾಯರುಗಳಿಂದ ಅವರು ಯಾಕೆ ದೂರ ಕೂತಿದ್ದರೆಂದು ಮೂಗಣ್ಣನಿಗೆ ಆಗ ಅರ್ಥವಾಯಿತು. ಅದನ್ನು ಮೆದುವಿನ ಕಡೆ ಇಡಲಿಲ್ಲ, ಖಡಕ್ಕಿನ ಕಡೆಗೂ ಇಡಲಿಲ್ಲ. ಅತ್ತಿಗೆ ಕೈಚೀಲಕ್ಕೆ ಹಾಕಿಕೊಂಡರು.

ಮರುದಿನ ಇಬ್ಬರೂ ಅಂಗಡಿಯಲ್ಲಿದ್ದರು. ಗಡಿಯಾರದವನಿಗೆ ನಿಜ ಸಂಗತಿ ಹೇಳಿ ಮೂಗಣ್ಣ ಕೈಮುಗಿದ. ಅವನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. ಆಮೇಲೆ, "ನನಗೆ ಕಣ್ಣು ಹೋದ್ರೆ ನಾನೂ ಯಾರಿಗೂ ಹೇಳ್ತಿರ್ಲಿಲ್ಲ ಅನ್ಸುತ್ತೆ" ಎಂದ. ಅತ್ತಿಗೆ ಮೂಸಿ ಆರಿಸಿದ್ದನ್ನು ಮೂಗಣ್ಣ ಹೇಳಿದಂತೆ ಅವನು ಸೇದಿದ. ಮೂರು ವಾರದಲ್ಲಿ ನಾಲ್ಕು ಬಗೆ ನೋಡಿ, ಮೂರು ಬೇಡವೆಂದ. ಗಿಡ್ಡನೆಯದೊಂದು ಹಿಡಿಸಿತು. ಅಷ್ಟರಲ್ಲಿ ಆ ಹೆಣ್ಣು, "ನಾನು ಮದುವೆ ಆಗ್ತಿರೋದು ಅವರನ್ನ, ನೀವು ನಿಮ್ಮ ರತ್ನಗಂಬಳಿ ಜೊತೆ ಸುಖವಾಗಿರಿ" ಎಂದು ಅಪ್ಪನಿಗೆ ಹೇಳಿ ದಿನ ಗೊತ್ತುಮಾಡಿಸಿದ್ದಳು.

ವರ್ಷ ಕಳೆದರೂ ಮೂಗಣ್ಣನಿಗೆ ವಾಸನೆ ಮರಳಲಿಲ್ಲ. ವೈದ್ಯರ ಹತ್ತಿರ ಹೋಗುವುದನ್ನೂ ಬಿಟ್ಟ. ಒಂದು ಸಂಜೆ ಗಡಿಯಾರದವನು ಅಂಗಡಿಯ ಹೊರಗಿನ ಬೆಂಚಿನಲ್ಲಿ ಕಾಲುಚಾಚಿ, ನೀಲಿ ಹೊಗೆ ಬಿಡುತ್ತ ಕೂತಿದ್ದ. ಮೂಗಣ್ಣ ಹೋಗಿ ಪಕ್ಕದಲ್ಲಿ ಕೂತ.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನು?" ಮೂಗಣ್ಣ ಅವನ ತೋಳು ಹಿಡಿದುಕೊಂಡ. ಹಿಡಿತ ಬಿಗಿಯಾಗಿತ್ತು. "ಸರಿಯಾಗಿ ಹೇಳಿ. ಒಂದೊಂದಾಗಿ ಹೇಳಿ, ನಿಧಾನಕ್ಕೆ."